ಸೇತುವೆ ಚೆನ್ನಾಗಿದೆ, ದಾಟೋದೇ ಬೇಸರ

ನಮಸ್ಕಾರ,

ಮೇಜಿನ ಸುತ್ತ ಕೂತು ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡೋ ಆಟಕ್ಕೆಂದು ನೀವು ಬರೆದು ಕಳಿಸಿದ ಫ್ಯಾಂಟಸಿ ಸಾಹಸ ಓದಿದೆ. ಭಾಷೆ ಸಲೀಸಾಗಿದೆ, ನಕ್ಷೆಗಳು ಅಚ್ಚುಕಟ್ಟಾಗಿವೆ, ಕೊನೆಯಲ್ಲಿ ಬರುವ ಮುದಿ ಡ್ರ್ಯಾಗನ್ ಇಷ್ಟವಾಯಿತು. ಹೊಗಳಿಕೆ ಇಷ್ಟು ಸಾಕು. ನಾನು ಬರೆಯಲು ಕೂತಿದ್ದು ಎರಡನೇ ಅಧ್ಯಾಯದ ಸೇತುವೆ ಬಗ್ಗೆ. ಅದು ನನ್ನನ್ನು ನಿಜಕ್ಕೂ ರೇಗಿಸಿದೆ.

ಸುಮ್ನೆ ಕೆಟ್ಟದಾಗಿದ್ದಿದ್ದರೆ ರೇಗುತ್ತಿರಲಿಲ್ಲ, ಪಕ್ಕಕ್ಕಿಟ್ಟು ಮುಂದಿನದನ್ನು ಓದುತ್ತಿದ್ದೆ. ಆಳದ ಕಂದಕ. ಅದರ ಮೇಲೆ ಹಳೇ ಹಗ್ಗದ ಸೇತುವೆ. ರಾತ್ರಿ, ಗಾಳಿ. ನಾಲ್ವರು ಸಾಹಸಿಗಳ ಜೊತೆ ಊರು ಬಿಟ್ಟು ಓಡಿ ಬಂದ ಹನ್ನೆರಡು ಜನ, ಅವರಲ್ಲೊಬ್ಬಳು ತುಂಬು ಗರ್ಭಿಣಿ. ಹಿಂದಿನ ಗುಡ್ಡದಲ್ಲಿ ರಾಕ್ಷಸರಂಥ ಆರ್ಕ್‌ಗಳ ಪಂಜುಗಳು ಇಳಿದು ಬರುತ್ತಿವೆ. ಒಂದೇ ಪ್ಯಾರಾದಲ್ಲಿ ಇಷ್ಟನ್ನೂ ಕಟ್ಟಿದ್ದೀರಿ. ಅದಾದ ಕೂಡಲೇ ಬರುವ ಸಾಲುಗಳು ಇವು:

"ಇದು ಸ್ಕಿಲ್ ಚಾಲೆಂಜ್. ಮೂರು ಸಲ ಸೋಲುವುದರೊಳಗೆ ಆರು ಸಲ ಗೆಲ್ಲಬೇಕು. ಡಿಸಿ 15. ಯಾವ ಸ್ಕಿಲ್ ಬೇಕಾದರೂ ಬಳಸಬಹುದು. ಸೋತರೆ ಪ್ರತಿಯೊಬ್ಬರಿಗೂ 1ಡಿ6 ಪೆಟ್ಟು. ನಂತರ ಎಲ್ಲರೂ ಆಚೆ ಬದಿ ಸೇರುತ್ತಾರೆ."

ಸ್ಕಿಲ್ ಅಂದ್ರೆ ಪಾತ್ರಕ್ಕಿರೋ ಕೌಶಲ, ಅದರ ಅಂಕಿಯನ್ನು ದಾಳದಲ್ಲಿ ಬಿದ್ದದ್ದಕ್ಕೆ ಕೂಡಿಸಬೇಕು. ಗೆಲ್ಲೋಕೆ ಆ ಮೊತ್ತ ಮುಟ್ಟಬೇಕಾದ ಗುರಿಯೇ ಡಿಸಿ. 1ಡಿ6 ಅಂದ್ರೆ ಆರು ಮುಖದ ಒಂದು ದಾಳದಲ್ಲಿ ಬಿದ್ದಷ್ಟು. ಈಗ ಒಂದೊಂದೇ ನೋಡೋಣ.

"ಮೂರು ಸೋಲುವುದರೊಳಗೆ ಆರು ಗೆಲುವು." ಈ ಲೆಕ್ಕ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. 2008ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಾಲ್ಕನೇ ಆವೃತ್ತಿ ಬಂದಾಗ ಸ್ಕಿಲ್ ಚಾಲೆಂಜ್ ಅನ್ನೋ ಹೆಸರಲ್ಲಿ ಇದು ಶುರುವಾಯಿತು. ಮೊದಲು ಛಾಪಿಸಿದ ನಿಯಮದಲ್ಲಿ ನಾಲ್ಕು ಗೆಲುವಿಗೆ ಎರಡು ಸೋಲು, ಆರಕ್ಕೆ ಮೂರು, ಹೀಗೆ ಹನ್ನೆರಡಕ್ಕೆ ಆರರವರೆಗೆ ಇತ್ತು. ಸ್ವಲ್ಪ ದಿನದಲ್ಲೇ ತಿದ್ದುಪಡಿ ಬಂತು: ಗೆಲುವು ಎಷ್ಟೇ ಬೇಕಿರಲಿ, ಮೂರು ಸೋಲಿಗೆ ಆಟ ಮುಗೀತು. ಜೊತೆಗೆ ಡಿಸಿಗಳನ್ನೂ ಇಳಿಸಿದರು. ಮಾಡಿದವರಿಗೇ ಮೊದಲ ಸಲ ಕೈ ಹತ್ತದ ಲೆಕ್ಕ ಇದು. ನೀವು ಅದನ್ನು ಉರುಳಿಸಿ ನೋಡದೆ ಹಾಗೇ ಎತ್ತಿ ಇಟ್ಟಿದ್ದೀರಿ.

ನಾನು ಲೆಕ್ಕ ಹಾಕಿದೆ. ನೀವೇ ಕೊಟ್ಟಿರುವ ಪಾತ್ರಗಳಲ್ಲಿ ಪ್ರತಿಯೊಬ್ಬರ ಒಳ್ಳೆಯ ಸ್ಕಿಲ್‌ಗೆ +5 ಇದೆ. ಡಿಸಿ 15 ಅಂದ್ರೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಜಾಸ್ತಿ ಬೀಳಬೇಕು. ಒಂದು ಸಲಕ್ಕೆ ನೂರಕ್ಕೆ 55 ಅವಕಾಶ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮೂರು ಸೋಲೊಳಗೆ ಆರು ಗೆಲುವು ಬರೋ ಸಾಧ್ಯತೆ ನೂರಕ್ಕೆ 22 ಮಾತ್ರ! ಅದೂ ಎಲ್ಲರೂ ಪ್ರತಿ ಸಲ ತಮ್ಮ ಒಳ್ಳೆಯ ಸ್ಕಿಲ್ಲನ್ನೇ ಉರುಳಿಸಿದರೆ. ನೀವು "ಮಧ್ಯಮ ಕಷ್ಟ" ಅಂತ ಬರೆದಿರೋ ಸೇತುವೆಯಲ್ಲಿ ಐದರಲ್ಲಿ ನಾಲ್ಕು ತಂಡ ಸೋಲುತ್ತವೆ.

"ಯಾವ ಸ್ಕಿಲ್ ಬೇಕಾದರೂ." ಕೇಳೋಕೆ ಧಾರಾಳ. ಮೇಜಿನ ಸುತ್ತ ಏನಾಗುತ್ತೆ ಗೊತ್ತಾ? ಆಟಗಾರ ಸೇತುವೆ ನೋಡೋದಿಲ್ಲ, ತನ್ನ ಪಾತ್ರದ ಅಂಕಿಗಳಿರೋ ಹಾಳೆ, ಅಂದ್ರೆ ಕ್ಯಾರೆಕ್ಟರ್ ಶೀಟ್ ನೋಡುತ್ತಾನೆ. ಎಲ್ಲಿ ದೊಡ್ಡ ಅಂಕಿ ಇದೆಯೋ ಅದನ್ನು ಸೇತುವೆಗೆ ಅಂಟಿಸೋಕೆ ಒಂದು ನೆಪ ಹುಡುಕುತ್ತಾನೆ. "ನಾನು ಇತಿಹಾಸ ಬಳಸಿ ಈ ಸೇತುವೆ ಕಟ್ಟಿದ್ದು ಯಾರು ಅಂತ ನೆನಪು ಮಾಡ್ಕೋತೀನಿ." ನೆನಪು ಮಾಡ್ಕೊಂಡು? ಹಿಂದೆ ಆರ್ಕ್ ಬರ್ತಿದೆಯಲ್ವಾ! ಇನ್ನು ಹೊಂದುವ ಸ್ಕಿಲ್‌ನಲ್ಲಿ ಬರೀ +1 ಇರೋನ ಕಥೆ ಕೇಳಿ. ಅವನು ಗೆಲ್ಲೋದು ನೂರಕ್ಕೆ 35, ಸೋತರೆ ಆ ಸೋಲು ಇಡೀ ತಂಡದ ಲೆಕ್ಕಕ್ಕೆ. ಹಾಗಾಗಿ ಅವನಿಗೆ ಇರೋ ಜಾಣತನದ ದಾರಿ ಅಂದ್ರೆ ಬಾಯಿ ಮುಚ್ಚಿಕೊಂಡು ಕೂರೋದು. ನಾಲ್ವರು ಆಡೋಕೆ ಕೂತಿದ್ದಾರೆ, ನಿಮ್ಮ ನಿಯಮ ಇಬ್ಬರನ್ನು ಸುಮ್ಮನಿರಿಸುತ್ತದೆ.

ನನಗೆ ಸಿಟ್ಟು ಬಂದಿದ್ದು ಮಾತ್ರ ಕೊನೆಯ ಸಾಲಿಗೆ. ಗೆದ್ದರೂ ಆಚೆ ಬದಿ, ಸೋತರೂ ಆಚೆ ಬದಿ. ಪಂಜುಗಳು ಎಲ್ಲಿ ಹೋದವು? ಗರ್ಭಿಣಿ ಏನಾದಳು? ಅರ್ಧ ಗಂಟೆ ಉರುಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಾನು ಈ ಕೆಲಸ ಕಲಿತದ್ದು ಒಬ್ಬ ಹಿರಿಯ ಸಂಪಾದಕರ ಕೈಕೆಳಗೆ. ಕರಡು ಓದುವಾಗ ಅವರ ಪಕ್ಕದಲ್ಲಿ ಅಂಚು ಸವೆದ ಒಂದು ದಾಳ ಇರುತ್ತಿತ್ತು. ಚೆಕ್, ಅಂದ್ರೆ ದಾಳ ಉರುಳಿಸಿ ನೋಡೋ ಪರೀಕ್ಷೆ, ಅಂತ ಎಲ್ಲಿ ಬರೆದಿದ್ದರೂ ಓದೋದು ನಿಲ್ಲಿಸಿ ನಿಜವಾಗಿಯೂ ಉರುಳಿಸುತ್ತಿದ್ದರು. ಕಡಿಮೆ ಬಿದ್ದರೆ ನನ್ನ ಕಡೆ ತಿರುಗಿ, "ಸೋತೆ ಕಣಯ್ಯಾ, ಈಗೇನ್ ಮಾಡ್ಲಿ?" ಅನ್ನೋರು. ನಾನು ಪುಟ ತಿರುವಿ ಹುಡುಕಬೇಕು. ಉತ್ತರ ಸಿಗದಿದ್ದರೆ ಪೆನ್ಸಿಲ್ ತಗೊಂಡು ಆ ಚೆಕ್ಕನ್ನೇ ಹೊಡೆದು ಹಾಕುತ್ತಿದ್ದರು, ಬರೆದವರು ಎಷ್ಟೇ ದೊಡ್ಡವರಿರಲಿ. ಒಂದು ಕರಡಿನಲ್ಲಿ ಒಂದು ನೆಲಮಾಳಿಗೆಯ ಬೀಗ ಇತ್ತು, ಡಿಸಿ 20, ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು, ಕಾವಲುಗಾರರಿಲ್ಲ, ಅವಸರವೂ ಇಲ್ಲ. "ಇದು ಬೀಗ ಅಲ್ಲ, ನಿಧಾನಕ್ಕೆ ತೆಗೆಯೋ ಬಾಗಿಲು" ಅಂದರು. ಗೀಟು ಎಳೆದರು. ಆಮೇಲೆ ಅದೇ ಬಾಗಿಲಿನ ಹಿಂದೆ ಯಾರೋ ಕೆಮ್ಮಿದ ಸದ್ದು ಸೇರಿಸಿ ಬರೆದವರಿಗೆ ವಾಪಸ್ ಕಳಿಸಿದರು, ಬೀಗ ತಾನಾಗೇ ಬದುಕಿಕೊಂಡಿತು.

ನಿಮ್ಮ ಸೇತುವೆಗೂ ಅದೇ ಮಾಡಿ. ಸೋಲು ಎಣಿಸೋದು ಬಿಡಿ, ಸುತ್ತು ಎಣಿಸಿ. ಮೂರು ಸುತ್ತು, ಅಷ್ಟರಲ್ಲಿ ಆರ್ಕ್‌ಗಳು ಬಂದೇ ಬರುತ್ತವೆ. ಪ್ರತಿ ಸುತ್ತಿನಲ್ಲಿ ನಾಲ್ವರೂ ಒಂದೊಂದು ಕೆಲಸ ಮಾಡಲಿ, ಪ್ರತಿ ಗೆಲುವಿಗೆ ಇಬ್ಬರು ದಾಟಲಿ. ಒಳ್ಳೆಯ ಸ್ಕಿಲ್ ಬಳಸಿದರೆ ಹನ್ನೆರಡು ಉರುಳಿಗೆ ಸರಾಸರಿ ಆರೇಳು ಗೆಲುವು, ಅಂದ್ರೆ ಎಲ್ಲರೂ ಪಾರಾಗೋದು ಅಂಚಿನ ಮೇಲೆ ನಿಂತಿರುತ್ತದೆ. ಯಾರು ಸೋತರೂ ತಂಡಕ್ಕೆ ಕುತ್ತಿಲ್ಲ, ಹಾಗಾಗಿ +1 ಇರೋನೂ ಕೈ ಹಾಕುತ್ತಾನೆ.

ಸ್ಕಿಲ್‌ಗಳ ಪಟ್ಟಿ ಬೇಡ. ತೊಂದರೆಗಳನ್ನು ಬರೆಯಿರಿ. ಮೊದಲ ಸುತ್ತು: ಎಡಗಡೆ ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ. ಎರಡನೆಯದು: ನಡುವೆ ನಾಲ್ಕು ಹಲಗೆ ಇಲ್ಲ, ಮುಂದಿದ್ದ ಮುದುಕ ಹಗ್ಗ ತಬ್ಬಿ ನಿಂತುಬಿಟ್ಟಿದ್ದಾನೆ, ಹಿಂದಿನವರು ದೂಡುತ್ತಿದ್ದಾರೆ. ಮೂರನೆಯದು: ಮೊದಲ ಬಾಣ ಬಂತು, ಹೆಂಗಸಿಗೆ ನೋವು ಶುರುವಾಯಿತು. ಆಗ ಆಟಗಾರ ಶೀಟ್ ನೋಡೋ ಮೊದಲು ಆ ಮುದುಕನನ್ನು ನೋಡುತ್ತಾನೆ. ಹೊತ್ತುಕೊಂಡು ಹೋಗ್ತಾನೋ, ಸಮಾಧಾನ ಹೇಳ್ತಾನೋ, ಗದರಿಸ್ತಾನೋ ಅವನಿಗೆ ಬಿಟ್ಟಿದ್ದು. ಕೊನೆಗೆ ಈಚೆ ಬದಿಯಲ್ಲಿ ಇಬ್ಬರು ಉಳಿದರೆ ಸೇತುವೆ ಕಡಿಯಬೇಕಾ ಬೇಡವಾ ಅನ್ನೋದನ್ನು ಯಾವ ದಾಳವೂ ತೀರ್ಮಾನಿಸೋದಿಲ್ಲ, ಅವರೇ ಕಿತ್ತಾಡಲಿ.

ಇದೇ ಕಾಯಿಲೆ ಮೂರನೇ ಅಧ್ಯಾಯದ ಗುಹೆಯಲ್ಲೂ ಇದೆ. "ಗೋಡೆಯ ಚಿಹ್ನೆ ಕಾಣಲು ಪರ್ಸೆಪ್ಶನ್ 15. ಸೋತರೆ ಕಾಣುವುದಿಲ್ಲ." ಆ ಚಿಹ್ನೆ ಕಾಣದಿದ್ದರೆ ಗುಪ್ತ ಬಾಗಿಲಿಲ್ಲ, ಬಾಗಿಲಿಲ್ಲದಿದ್ದರೆ ಡ್ರ್ಯಾಗನ್ ಇಲ್ಲ. ನಿಮ್ಮ ತಂಡದಲ್ಲಿ ಪರ್ಸೆಪ್ಶನ್, ಅಂದ್ರೆ ಗಮನಿಸೋ ಸ್ಕಿಲ್, ಒಬ್ಬರಿಗೆ +5, ಉಳಿದವರಿಗೆ +1. ನಾಲ್ವರೂ ಸೋಲೋ ಸಾಧ್ಯತೆ ನೂರಕ್ಕೆ 12ರಷ್ಟು. ಸುಮಾರು ಎಂಟರಲ್ಲಿ ಒಂದು ತಂಡ ಖಾಲಿ ಗುಹೆಯಲ್ಲಿ ಗೋಡೆ ನೋಡ್ತಾ ಕೂರುತ್ತದೆ, ಆಟ ನಡೆಸೋ ಗೇಮ್ ಮಾಸ್ಟರ್ ಕೆಮ್ಮುತ್ತಾ "ಇನ್ನೊಂದ್ಸಲ ಹಾಕಿ" ಅಂತಾನೆ. ಚಿಹ್ನೆ ಎಲ್ಲರಿಗೂ ಕಾಣಲಿ ಬಿಡಿ. ಗೆದ್ದವರಿಗೆ ಮಾತ್ರ ಅದನ್ನು ಈಗಷ್ಟೇ ಕೆತ್ತಿದ್ದಾರೆ, ಕಲ್ಲಿನ ಪುಡಿ ಇನ್ನೂ ನೆಲದ ಮೇಲಿದೆ ಅಂತ ಗೊತ್ತಾಗಲಿ.

ಉಳಿದ ಅಧ್ಯಾಯಗಳ ಬಗ್ಗೆ ಈಗ ಮಾತಾಡೋದಿಲ್ಲ. ಇಡೀ ಸಾಹಸ ಮತ್ತೆ ಕಳಿಸಬೇಡಿ, ಸೇತುವೆ ಒಂದನ್ನೇ ಬರೆದು ಕಳಿಸಿ, ಎರಡು ಪುಟ ದಾಟದಿರಲಿ. ಕಳಿಸೋ ಮೊದಲು ಯಾರನ್ನಾದರೂ ಕೂರಿಸಿ ಆಡಿಸಿ ನೋಡಿ. ನೀವು ಪಕ್ಕದಲ್ಲಿ ನಿಂತು ಬಾಯಿ ಹಾಕಬೇಡಿ. ಡ್ರ್ಯಾಗನ್ ಮಾತ್ರ ಮುಟ್ಟಬೇಡಿ, ಅದು ಹಾಗೇ ಇರಲಿ.