ಮಂಗಳವಾರದ ಪ್ರೇಕ್ಷಕರು, ಶುಕ್ರವಾರದ ಪ್ರೇಕ್ಷಕರು

ಮೆಕ್ಸಿಕೊದ ಗ್ವಾದಲಹಾರಾ ನಗರದ ಕಚೇರಿಗೆ ಬಂದು ಸೇರುವ ಮೊದಲೇ ಅಲ್ಲಿನ ಸಹೋದ್ಯೋಗಿಗಳು ನಿಮ್ಮನ್ನು ಮಂಗಳವಾರದ ಲೂಚಾ ಲಿಬ್ರೆ ಎಂಬ ಇಲ್ಲಿಯ ಮುಖವಾಡದ ಕುಸ್ತಿಗೆ ಕರೆದಿದ್ದಾರೆಂದು ಬರೆದಿದ್ದೀರಿ. ಗೆಲುವು ಸೋಲು ಮೊದಲೇ ನಿಶ್ಚಯವಾಗಿರುವ ಆಟವನ್ನು ಓದುಬರಹ ಬಲ್ಲ ದೊಡ್ಡವರೂ ಗಂಟಲು ಹರಿಯುವಂತೆ ಕೂಗುತ್ತ ನೋಡುವುದೇಕೆ, ಹೋದರೆ ಏನನ್ನು ಗಮನಿಸಬೇಕು, ಹೋಗದಿದ್ದರೆ ಅವರು ಬೇಸರಪಟ್ಟುಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಗೆ ಉತ್ತರ ಸುಲಭ: ಯಾರೂ ಬೇಸರಪಡುವುದಿಲ್ಲ. ಆದರೂ ಹೋಗಿ ಎಂದೇ ನನ್ನ ಸಲಹೆ. ಈ ದೇಶದಲ್ಲಿ ಸಂಸಾರ ಹೂಡಿ, ಮಕ್ಕಳನ್ನು ಇಲ್ಲಿಯ ಶಾಲೆಗಳಲ್ಲೇ ಓದಿಸಿದವನಾಗಿ ಹೇಳುವುದಾದರೆ, ಇಲ್ಲಿಯ ಜನ ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ ಪಡೆಯುವ ಜಾಗಗಳಲ್ಲಿ ಈ ಅಖಾಡ ಒಂದು.

ಯಾರು ಗೆಲ್ಲುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ನಿಜ. ಆದರೆ ಆ ಗೆಲುವಿನತ್ತ ಸಾಗುವ ದಾರಿಯಲ್ಲಿ ಬಹುಪಾಲು ಅಲ್ಲಿಯೇ, ಕೂತ ಜನರನ್ನು ನೋಡಿಕೊಂಡು ತೀರ್ಮಾನವಾಗುತ್ತದೆ. ನೀವು ನೋಡಬೇಕಾದದ್ದು ಆ ದಾರಿಯನ್ನು.

ಮೊದಲು ಚೌಕಟ್ಟು ಗೊತ್ತಿರಲಿ. ಸಾಂಪ್ರದಾಯಿಕ ಲೂಚಾದಲ್ಲಿ ಮೂರು ಸುತ್ತುಗಳಿರುತ್ತವೆ, ಎರಡನ್ನು ಗೆದ್ದ ಪಕ್ಷಕ್ಕೆ ಜಯ, ಕಾಲದ ಮಿತಿ ಇಲ್ಲ. ಒಂದು ಕಡೆ ತೆಕ್ನಿಕೊಗಳು, ನಿಯಮಕ್ಕೆ ಒಳಪಟ್ಟು ಪಟ್ಟುಗಳ ಜಾಣ್ಮೆಯಿಂದಲೂ ಹಾರಾಟದಿಂದಲೂ ಆಡುವವರು. ಎದುರಿಗೆ ರೂದೊಗಳು, ರೆಫರಿ ಬೆನ್ನು ತಿರುಗಿಸಿದ ಕೂಡಲೇ ಎದುರಾಳಿಯ ಮುಖವಾಡಕ್ಕೆ ಕೈಹಾಕುವವರು. ಹೆಚ್ಚಾಗಿ ಕಾಣಸಿಗುವುದು ಮೂವರಿಗೆ ಮೂವರು ಎದುರಾಗುವ ತ್ರಿಯೊ ಕುಸ್ತಿ. ತಂಡದ ನಾಯಕನನ್ನು, ಇಲ್ಲವೇ ಉಳಿದಿಬ್ಬರನ್ನೂ ಸೋಲಿಸಿದರೆ ಆ ಸುತ್ತು ಮುಗಿಯುತ್ತದೆ. ಅಖಾಡದಲ್ಲಿರುವವನು ಹಗ್ಗ ದಾಟಿ ಹೊರಗೆ ಬಿದ್ದರೆ ಅವನ ಜೊತೆಗಾರ ಕೈ ತಟ್ಟಿಸಿಕೊಳ್ಳದೆಯೇ ಒಳಗೆ ಬರಬಹುದು. ಈ ಕೊನೆಯ ನಿಯಮ ಸಣ್ಣದೆಂದು ಕಾಣಬಹುದು, ಆದರೆ ಅಮೆರಿಕದ ಕುಸ್ತಿ ನೋಡಿ ಅಭ್ಯಾಸವಾದ ಕಣ್ಣಿಗೆ ಲೂಚಾ ಇಷ್ಟು ವೇಗವಾಗಿ ಕಾಣುವುದಕ್ಕೆ ದೊಡ್ಡ ಕಾರಣ ಇದೇ. ಜೋಡಿಗಳು ಬದಲಾಗುತ್ತಲೇ ಇರುತ್ತವೆ, ದಣಿದವನಿಗೆ ಹೊರಗೆ ಉಸಿರು ಸಿಗುತ್ತದೆ, ನೋಡುವವರಿಗೆ ಮಾತ್ರ ಬಿಡುವು ಸಿಗುವುದಿಲ್ಲ.

ಈ ಚೌಕಟ್ಟಿನೊಳಗೆ ಹಿಗ್ಗಿಸಲು ಕುಗ್ಗಿಸಲು ಬಹಳ ಜಾಗವಿದೆ. ರೂದೊಗಳು ಮೊದಲ ಸುತ್ತನ್ನು ಮೋಸದಿಂದ ಕಿತ್ತುಕೊಳ್ಳುವುದು, ಎರಡನೆಯದರಲ್ಲಿ ತೆಕ್ನಿಕೊಗಳು ಮರಳಿ ಏಳುವುದು, ಮೂರನೆಯದರಲ್ಲಿ ಎಲ್ಲ ಲೆಕ್ಕವೂ ತೀರುವುದು ಎಂಬುದು ತೀರಾ ಸಾಮಾನ್ಯವಾದ ಕ್ರಮ. ಆದರೆ ರೂದೊಗಳು ಎಷ್ಟು ಹೊತ್ತು ಹೊಡೆಯಬೇಕು, ತೆಕ್ನಿಕೊ ಯಾವ ಗಳಿಗೆಯಲ್ಲಿ ತಿರುಗಿ ಬೀಳಬೇಕು ಎಂಬುದು ಸಭಾಂಗಣದ ಸದ್ದಿನ ಮೇಲೆ ನಿಂತಿದೆ. ಜನ ತಣ್ಣಗಿದ್ದರೆ ಅನುಭವಿ ರೂದೊ ಎದುರಾಳಿಯನ್ನು ಬಿಟ್ಟು ಮುಂದಿನ ಸಾಲಿನವರೊಡನೆ ಜಗಳಕ್ಕೆ ನಿಲ್ಲುತ್ತಾನೆ, ಬೈಗುಳ ತಿನ್ನುತ್ತಾನೆ, ತಿಂದದ್ದಕ್ಕೆ ಬಡ್ಡಿ ಸೇರಿಸಿ ತೆಕ್ನಿಕೊನ ಬೆನ್ನಿಗೆ ತೀರಿಸುತ್ತಾನೆ. ಜನ ಆಗಲೇ ಕಾದಿದ್ದರೆ ಎರಡನೆಯ ಸುತ್ತು ಎರಡು ಮೂರು ನಿಮಿಷಗಳಲ್ಲೇ ಮುಗಿದುಹೋಗುವುದೂ ಉಂಟು. ಎರಡನೆಯ ಸುತ್ತು ಇಷ್ಟು ಗಿಡ್ಡವೇಕೆ ಎಂದು ಹೊಸಬರು ಗೊಣಗುವುದನ್ನು ಕೇಳಿದ್ದೇನೆ. ಕುದಿ ಬಂದಾಗ ಅದನ್ನು ಮೂರನೆಯ ಸುತ್ತಿಗೆ ದಾಟಿಸುವುದೇ ಎರಡನೆಯದರ ಕೆಲಸ.

ಜನ ಬದಲಾದಂತೆ ಚೌಕಟ್ಟು ಹೇಗೆ ಬದಲಾಯಿತು ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು. ಸಾಲ್ವದೋರ್ ಲುತ್ತೆರೋತ್ ಎಂಬುವರು ಟೆಕ್ಸಾಸಿನ ಗಡಿಯೂರಾದ ಎಲ್ ಪಾಸೊದಲ್ಲಿ ಕುಸ್ತಿ ನೋಡಿ ಮನಸೋತು, 1933ರ ಸೆಪ್ಟೆಂಬರ್ 21ರಂದು ಮೆಕ್ಸಿಕೊ ಸಿಟಿಯಲ್ಲಿ ತಮ್ಮ ಮೊದಲ ಪ್ರದರ್ಶನ ಏರ್ಪಡಿಸಿದರು. ಅವರ ಸಂಸ್ಥೆಯೇ ಇಂದಿನ ಸಿಎಂಎಲ್ಎಲ್. 1943ರಲ್ಲಿ ಅವರು ಅದೇ ನಗರದಲ್ಲಿ ಕಟ್ಟಿಸಿದ ಅರೇನಾ ಕೊಲಿಸೆಯೊ ಕಡಿದಾಗಿ ಮೇಲೇರುವ ಸಾಲುಗಳ ಕಟ್ಟಡ; ಅದಿರುವ ಬಡಾವಣೆಯ ಹೆಸರಿನಿಂದ ಲಗುನಿಯಾದ ಆಲಿಕೆ ಎಂದೇ ಅದರ ಅಡ್ಡಹೆಸರು. ಅಲ್ಲಿ ಎಲ್ಲಿ ಕೂತರೂ ನೆಲದ ಮೇಲಿನ ಪಟ್ಟು ಬೆರಳಿನ ಬಿಗಿತದವರೆಗೆ ಕಾಣುತ್ತದೆ. 1956ರಲ್ಲಿ ಅಲ್ಲಿಯೇ ತೆರೆದ ಅರೇನಾ ಮೆಹಿಕೊ ಹದಿನಾರು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಕಟ್ಟಡ. ಅಲ್ಲಿ ಕೊನೆಯ ಸಾಲಿನವನಿಗೆ ನೆಲದ ಪಟ್ಟು ಕಾಣುವುದೇ ಇಲ್ಲವೆನ್ನಬೇಕು, ಕಾಣುವುದು ಹಗ್ಗದ ಮೇಲಿಂದ ಹಾರಿದ ದೇಹ ಮಾತ್ರ. ಹಾರಾಟಕ್ಕೆ ಮಹತ್ವ ಬಂದದ್ದಕ್ಕೆ ಕಟ್ಟಡದ ಅಳತೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಇಂದಿಗೂ ಒಬ್ಬನೇ ಕುಸ್ತಿಪಟು ಈ ಎರಡು ಕಟ್ಟಡಗಳಲ್ಲಿ ಎರಡು ಬಗೆಯಾಗಿ ಆಡುವುದನ್ನು ನೀವೇ ನೋಡಬಹುದು.

ಎಲ್ ಸಾಂತೊ ಎಂಬ ಬೆಳ್ಳಿ ಮುಖವಾಡದ ಹೆಸರನ್ನು ಇಲ್ಲಿಗೆ ಬಂದ ವಾರದೊಳಗೆ ಕೇಳುತ್ತೀರಿ. ಬಡವರ ಪಾಲಿನ ದೇವರಂತೆ ಇಂದು ನೆನೆಯುವ ಈತ ಅಖಾಡದಲ್ಲಿ ವರ್ಷಗಟ್ಟಲೆ ರೂದೊ ಆಗಿದ್ದವನು. 1952ರಲ್ಲಿ, ಸೋತವನು ಮುಖವಾಡ ಕಳಚಲೇಬೇಕಾದ ಪಣದ ಕುಸ್ತಿಯಲ್ಲಿ, ಬ್ಲ್ಯಾಕ್ ಶ್ಯಾಡೊ ಎಂಬ ಕುಸ್ತಿಪಟುವಿನ ಮುಖವಾಡ ಗೆದ್ದು ಮೇಲೇರಿದ್ದೂ ರೂದೊ ಆಗಿಯೇ. 1958ರಲ್ಲಿ ಸಿನಿಮಾಕ್ಕೆ ಕಾಲಿಟ್ಟ ಅವನು ಮುಂದೆ ತೆರೆಯ ಮೇಲೆ ರಕ್ಕಸರನ್ನೂ ರಕ್ತಪಿಶಾಚಿಗಳನ್ನೂ ಸದೆಬಡಿಯುವ ನಾಯಕನಾದ ಮೇಲೆ, ತೆರೆಯ ಸಾಂತೊನನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಮಕ್ಕಳೆದುರು ಅಖಾಡದ ಸಾಂತೊ ಕಣ್ಣಿಗೆ ಬೆರಳು ಚುಚ್ಚುತ್ತ ಇರುವುದು ಕಷ್ಟವಾಯಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಅವನು ತೆಕ್ನಿಕೊ ಪಕ್ಷಕ್ಕೆ ಬಂದ. ಪಕ್ಷ ಬದಲಾದರೆ ಬಟ್ಟೆ ಬದಲಿಸಿದಷ್ಟಕ್ಕೆ ಮುಗಿಯುವುದಿಲ್ಲ. ಹಿಂದೆ ಮೊದಲ ಸುತ್ತನ್ನು ಕಿತ್ತುಕೊಳ್ಳುತ್ತಿದ್ದವನು ಈಗ ಅದನ್ನು ಕಳೆದುಕೊಂಡು ಒದ್ದಾಡಬೇಕು, ಅವನ ಗೆಲುವಿನ ಪಟ್ಟಿಗೆ ಜನ ಕಾಯುವಂತೆ ಮಾಡಬೇಕು.

ಮೂವರ ತಂಡಗಳ ಕಾಲ ಬಂದದ್ದು ಆಮೇಲೆ. ಅದಕ್ಕೂ ಹಿಂದೆ ಒಬ್ಬರಿಗೊಬ್ಬರು ಮತ್ತು ಜೋಡಿ ಕುಸ್ತಿಗಳೇ ಮುಖ್ಯವಾಗಿದ್ದವು. 1980ರ ದಶಕದ ಆರಂಭದಲ್ಲಿ ಎಲ್ ಸಿಗ್ನೊ, ಎಲ್ ತೆಹಾನೊ, ನೆಗ್ರೊ ನವಾರೊ ಎಂಬ ಮೂವರು ‘ಮರಣದ ಮಿಷನರಿಗಳು’ ಎಂಬ ಹೆಸರಿನಲ್ಲಿ ಒಟ್ಟಾಗಿ ಮುಗಿಬಿದ್ದು ಹೊಡೆಯುವ ಶೈಲಿಯಿಂದ ಜನರನ್ನು ಸೆಳೆದರು, ತ್ರಿಯೊ ಕುಸ್ತಿ ಮುಖ್ಯ ಆಟದ ಜಾಗಕ್ಕೆ ಬಂತು. ಒಂದೇ ಟಿಕೆಟಿಗೆ ಆರು ತಾರೆಗಳು. ವಯಸ್ಸಾದವರಿಗೆ ಆಯಾಸ ಕಡಿಮೆ. ಇಬ್ಬರ ನಡುವಿನ ದ್ವೇಷವನ್ನು ವಾರಗಟ್ಟಲೆ ತಂಡದ ಕುಸ್ತಿಗಳಲ್ಲಿ ಕಾಯಿಸಿ, ಕೊನೆಗೆ ಮುಖವಾಡ ಪಣಕ್ಕಿಡುವ ದೊಡ್ಡ ರಾತ್ರಿಗೆ ಉಳಿಸಿಕೊಳ್ಳಬಹುದು. ವ್ಯಾಪಾರದ ದೃಷ್ಟಿಯಿಂದಲೂ ಇದು ಜಾಣತನ. ಆದರೆ ಇಬ್ಬರೇ ನಿಂತು ನಿಧಾನವಾಗಿ ಪಟ್ಟುಗಳನ್ನು ಕಟ್ಟುವ ಕುಸ್ತಿ ಇದರಿಂದ ಮೂಲೆಗೆ ಸರಿಯಿತೆಂಬ ಹಳಬರ ದೂರಿನಲ್ಲಿ ಹುರುಳಿದೆ ಎಂದು ನಾನೂ ನಂಬುತ್ತೇನೆ. ವಿಚಿತ್ರವೆಂದರೆ ಅದೇ ನೆಗ್ರೊ ನವಾರೊ ವಯಸ್ಸಾದ ಮೇಲೆ ಸೊಲಾರ್ ಮೊದಲಾದವರೊಡನೆ ಸಣ್ಣ ಸಭಾಂಗಣಗಳಲ್ಲಿ ಬರೀ ಪಟ್ಟುಗಳ ಕುಸ್ತಿ ಆಡಿ, ಅದನ್ನೇ ಬಯಸಿ ಬರುವ ಹೊಸ ಅಭಿಮಾನಿಗಳನ್ನು ಗಳಿಸಿಕೊಂಡರು.

1990ರ ದಶಕದಲ್ಲಿ ಲೂಚಾ ದೊಡ್ಡ ಪ್ರಮಾಣದಲ್ಲಿ ದೂರದರ್ಶನಕ್ಕೆ ಮರಳಿತು. 1992ರಲ್ಲಿ ಆಂತೊನಿಯೊ ಪೆನ್ಯಾ ಹಳೆಯ ಸಂಸ್ಥೆಯಾದ ಸಿಎಂಎಲ್ಎಲ್ಲಿನಿಂದ ಹೊರಬಂದು ಟ್ರಿಪಲ್ ಎ ಎಂಬ ಕುಸ್ತಿ ಸಂಸ್ಥೆಯನ್ನು ಸ್ಥಾಪಿಸಿ, ರೇ ಮಿಸ್ತೆರಿಯೊ ಜೂನಿಯರ್, ಸಿಕೋಸಿಸ್ ಮುಂತಾದ ಚಿಕ್ಕ ದೇಹದ, ಹಾರುವ ತರುಣರನ್ನು ಮುಂದೆ ತಂದರು. ಮನೆಯಲ್ಲಿ ಕೂತು ಚಾನೆಲ್ ಬದಲಿಸುವ ಪ್ರೇಕ್ಷಕನಿಗೆ ಮೂರು ಸುತ್ತುಗಳ ತಾಳ್ಮೆ ಎಲ್ಲಿಯದು? ಟ್ರಿಪಲ್ ಎ ಕಾಲಕ್ರಮೇಣ ಬಹುಪಾಲು ಒಂದೇ ಸುತ್ತಿನ ಕುಸ್ತಿಗೆ ಹೊರಳಿತು. ಸಿಎಂಎಲ್ಎಲ್ ಮೂರು ಸುತ್ತುಗಳನ್ನು ಉಳಿಸಿಕೊಂಡೇ, ಹತ್ತು ನಿಮಿಷ ಮಿತಿಯ ಒಂದು ಸುತ್ತಿನ ‘ರೆಲಾಂಪಗೊ’ವನ್ನು ನಡುವೆ ಸೇರಿಸುತ್ತದೆ. ನಮ್ಮ ಕರಾವಳಿಯಲ್ಲಿ ಇರುಳಿಡೀ ನಡೆಯುತ್ತಿದ್ದ ಯಕ್ಷಗಾನ ಕಾಲಮಿತಿಗೆ ಬಂದಾಗ ಪೀಠಿಕೆ ಕುಗ್ಗಿ, ಪದ್ಯಗಳು ಕಡಿಮೆಯಾಗಿ, ಅಬ್ಬರದ ಭಾಗ ಉಳಿದುಕೊಂಡದ್ದನ್ನು ನೀವು ನೋಡಿದ್ದರೆ ಇಲ್ಲಿ ಏನಾಯಿತೆಂದು ವಿವರಿಸಬೇಕಿಲ್ಲ. ಒಂದೇ ಸುತ್ತಾದಾಗ ಸೋತು ಏಳುವುದಕ್ಕೆ ಎಡೆ ಇರುವುದಿಲ್ಲ. ಆ ಏರಿಳಿತವನ್ನು ಕೊನೆಯ ಗಳಿಗೆಯಲ್ಲಿ ಭುಜವೆತ್ತಿ ತಪ್ಪಿಸಿಕೊಳ್ಳುವ ಪ್ರಸಂಗಗಳಿಂದ ತುಂಬಿಸಬೇಕಾಗುತ್ತದೆ, ಮತ್ತು ಅವು ಹೆಚ್ಚಾದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ.

ಪ್ರೇಕ್ಷಕರು ಆಟಗಾರರಿಗೇ ತಿರುಗಿಬಿದ್ದ ಪ್ರಸಂಗ ನನಗೆ ಎಲ್ಲಕ್ಕಿಂತ ರುಚಿಯೆನಿಸುತ್ತದೆ. ರೂಶ್ ಎಂಬ ತರುಣನನ್ನು ತೆಕ್ನಿಕೊ ಎಂದು ಮುಂದೆ ತಂದಿದ್ದರು. ಅರೇನಾ ಮೆಹಿಕೊದ ಜನ ಅವನನ್ನು ಒಪ್ಪದೆ ಕೂಗಿ ಅಣಕಿಸತೊಡಗಿದರು. ಇಂಥ ಸಂದರ್ಭದಲ್ಲಿ ರೂದೊ ಪಕ್ಷಕ್ಕೆ ಕಳುಹಿಸುವುದು ವಾಡಿಕೆ. ರೂಶ್ ಹೋಗಲಿಲ್ಲ. ತಾನು ‘ಬೇರೆ ಬಗೆಯ ತೆಕ್ನಿಕೊ’ ಎಂದು ಹೇಳಿಕೊಂಡು, 2014ರಲ್ಲಿ ಲಾ ಸೊಂಬ್ರಾ ಮತ್ತು ಲಾ ಮಾಸ್ಕಾರಾ ಜೊತೆ ಲೋಸ್ ಇಂಗೊಬೆರ್ನಾಬ್ಲೆಸ್ ಎಂಬ ತಂಡ ಕಟ್ಟಿದ. ಹೆಸರಿಗೆ ತೆಕ್ನಿಕೊ, ನಡತೆಯಲ್ಲಿ ರೂದೊ. ಆಗ ಕುಸ್ತಿಯ ಕ್ರಮವೇ ತಲೆಕೆಳಗಾಯಿತು: ಎದುರಿನ ರೂದೊಗಳಿಗೆ ಜನರ ಚಪ್ಪಾಳೆ ಸಿಗತೊಡಗಿದ್ದರಿಂದ, ಪೆಟ್ಟು ತಿಂದು ಮರಳಿ ಏಳುವ ಪಾತ್ರ ಅವರ ಪಾಲಿಗೆ ಬಂತು. ಜನರ ತಿರಸ್ಕಾರವನ್ನೇ ಬಂಡವಾಳ ಮಾಡಿಕೊಂಡ ಈ ರೀತಿ 2015ರಲ್ಲಿ ಜಪಾನಿನ ತೆತ್ಸುಯಾ ನೈಟೊ ಇಲ್ಲಿಗೆ ಬಂದು ಆ ತಂಡ ಸೇರಿದ ಮೇಲೆ ಅವನೊಡನೆ ಅವನ ದೇಶಕ್ಕೂ ಹೋಯಿತು. ನೈಟೊನನ್ನೂ ಅವನ ಜನ ನಾಯಕನೆಂದು ಒಪ್ಪಿರಲಿಲ್ಲ ಎಂಬುದನ್ನು ಮರೆಯಬೇಡಿ.

ಇನ್ನು ಇಂದಿನ ಸ್ಥಿತಿ. ಶುಕ್ರವಾರ ರಾತ್ರಿ ಅರೇನಾ ಮೆಹಿಕೊದಲ್ಲಿ ಕೂತವರಲ್ಲಿ ಪ್ರವಾಸಿಗರು ಎದ್ದು ಕಾಣುವಷ್ಟಿರುತ್ತಾರೆ. ಹೊರಗೆ ಕೊಂಡ ಮುಖವಾಡವನ್ನು ಅಲ್ಲೇ ತೊಟ್ಟುಕೊಂಡು ಬರುವ ಇವರಿಗೆ ಯಾರ ಹಗೆ ಯಾರ ಮೇಲೆ ಎಂಬುದು ಗೊತ್ತಿರುವುದಿಲ್ಲ, ಪಟ್ಟಿನ ಸೂಕ್ಷ್ಮವೂ ತಿಳಿಯುವುದಿಲ್ಲ, ಹಾರಾಟ ಮಾತ್ರ ಯಾವ ಭಾಷೆಯವರಿಗೂ ತಿಳಿಯುತ್ತದೆ. ಹಾಗಾಗಿ ಹಗ್ಗಗಳ ನಡುವಿನಿಂದ ಹೊರಗಿದ್ದವನ ಮೇಲೆ ತಲೆ ಮುಂದಾಗಿ ನೆಗೆಯುವ ತೋಪೆ, ಒಮ್ಮೆ ಮೂರನೆಯ ಸುತ್ತಿನ ಕೊನೆಗೆ ಕಾದಿರಿಸಿದ್ದು, ಈಗ ಬೇಗನೆ ಬರುತ್ತದೆ, ಹಲವು ಸಲ ಬರುತ್ತದೆ. 2025ರ ಜೂನ್ 18ರಂದು ಅಮೆರಿಕದ ಕುಸ್ತಿ ಸಂಸ್ಥೆ ಎಇಡಬ್ಲ್ಯೂ ತನ್ನ ಪ್ರದರ್ಶನವನ್ನು ಇದೇ ಕಟ್ಟಡದಲ್ಲಿ ನಡೆಸಿತು, ಅದೇ ವರ್ಷ ಡಬ್ಲ್ಯೂಡಬ್ಲ್ಯೂಇ ಟ್ರಿಪಲ್ ಎಯನ್ನು ಕೊಳ್ಳುವುದಾಗಿ ಸಾರಿತು. ಒಂದೇ ಸುತ್ತಿನ ರೂಢಿಯವರು ಹತ್ತಿರ ಬಂದಷ್ಟೂ ಮೂರು ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ ಎಂಬುದು ನನ್ನ ಊಹೆ. ಪ್ರವಾಸಿಗರನ್ನು ದೂರುವ ಮನಸ್ಸು ನನಗಿಲ್ಲ. ಅವರ ಟಿಕೆಟಿನ ಹಣದಿಂದಲೇ ಎಷ್ಟೋ ತರುಣರ ಹೊಟ್ಟೆ ತುಂಬುತ್ತಿದೆ, ಮತ್ತು ನಾವೂ ಇಲ್ಲಿಗೆ ಹೊರಗಿನಿಂದಲೇ ಬಂದವರು.

ಮುಖವಾಡ ಪಣಕ್ಕಿಟ್ಟ ರಾತ್ರಿಗಳಲ್ಲಿ ಮಾತ್ರ ಪ್ರವಾಸಿಯೂ ಹಳೆಯ ಅಭಿಮಾನಿಯೂ ಒಂದೇ ತಾಳಕ್ಕೆ ಬರುತ್ತಾರೆ. 2000ದ ಮಾರ್ಚ್ 17ರಂದು ಅಟ್ಲಾಂಟಿಸ್ ಮತ್ತು ವಿಯಾನೊ ತೆರ್ಸೆರೊ ನಡುವೆ ನಡೆದ ಕುಸ್ತಿಯನ್ನು ಹಳಬರು ಈಗಲೂ ಎತ್ತಿ ಹೇಳುತ್ತಾರೆ. ವಿಯಾನೊ ಸೋತು ಮುಖವಾಡ ಕಳಚಿದ. 2014ರಲ್ಲಿ ಅದೇ ಅಟ್ಲಾಂಟಿಸ್ ಉಲ್ತಿಮೊ ಗೆರ್ರೇರೊನ ಮುಖವಾಡವನ್ನೂ ಗೆದ್ದ. ಇಂಥ ಕುಸ್ತಿಗಳಲ್ಲಿ ಮೊದಲ ಎರಡು ಸುತ್ತುಗಳನ್ನು ಚುಟುಕಾಗಿ ಮುಗಿಸಿ, ಮೂರನೆಯದನ್ನು ಎಳೆಎಳೆಯಾಗಿ ಬಿಡಿಸುತ್ತ ಹೋಗುವುದೇ ರೂಢಿ. ಅವಸರದ ಕಾಲದಲ್ಲೂ ಆ ಮೂರನೆಯ ಸುತ್ತನ್ನು ಯಾರೂ ಮೊಟಕು ಮಾಡಿಲ್ಲ.

ನೀವು ಹೋಗಲಿರುವ, ಮೆಕ್ಸಿಕೊ ಸಿಟಿಯದರ ಹೆಸರನ್ನೇ ಹೊತ್ತ ಗ್ವಾದಲಹಾರಾದ ಅರೇನಾ ಕೊಲಿಸೆಯೊ ಇದಕ್ಕೆಲ್ಲ ಬೇರೆಯದೇ ಜಾಗ. ದಿಯಾಬ್ಲೊ ವೆಲಾಸ್ಕೊ ಎಂಬ ಗುರುವಿನ ಗರಡಿ ಇದ್ದದ್ದು ಈ ಊರಿನಲ್ಲಿ. ಅಟ್ಲಾಂಟಿಸ್, ಎಲ್ ಸತಾನಿಕೊ ಅವರ ಕೈಯಲ್ಲೇ ಪಳಗಿದವರು. ಸಭಾಂಗಣ ಚಿಕ್ಕದು, ಜನ ಹತ್ತಿರ, ಪಟ್ಟು ಬಲ್ಲವರೂ ಇರುತ್ತಾರೆ. ಮಂಗಳವಾರ ಮೇಲಿನ ಅಗ್ಗದ ಸಾಲುಗಳವರು ಕೆಳಗಿನವರನ್ನು ಶ್ರೀಮಂತರೇ ಎಂದು ಬೈಯುವುದು, ಕೆಳಗಿನವರು ಬಡವರೇ ಎಂದು ತಿರುಗಿಸಿ ಬೈಯುವುದು ಇಲ್ಲಿಯ ವಾಡಿಕೆ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ನೀವೂ ಹಚ್ಚಿಕೊಳ್ಳಬೇಡಿ. ಅಖಾಡದಲ್ಲಿರುವವರು ಈ ಜಗಳವನ್ನೂ ಬಳಸಿಕೊಳ್ಳುತ್ತಾರೆ: ಜಾಣ ರೂದೊ ಮೊದಲ ಸುತ್ತಿನಲ್ಲೇ ಯಾವುದಾದರೂ ಒಂದು ಪಕ್ಷ ವಹಿಸಿ ಇನ್ನೊಂದನ್ನು ಕೆಣಕುತ್ತಾನೆ, ಆಮೇಲಿನ ಎರಡು ಸುತ್ತುಗಳ ಬೆಂಕಿಗೆ ಅಲ್ಲಿಂದಲೇ ಸೌದೆ ಸಿಗುತ್ತದೆ.

ಮೊದಲ ಸಲ ಸಹೋದ್ಯೋಗಿಗಳೊಡನೆ ಮೇಲಿನ ಸಾಲಿನಲ್ಲೇ ಕೂತುಕೊಳ್ಳಿ. ಅಲ್ಲಿಂದ ಅಖಾಡವೂ ಜನರೂ ಒಟ್ಟಿಗೆ ಕಾಣುತ್ತಾರೆ. ಮೊದಲ ಒಂದೆರಡು ಕುಸ್ತಿಗಳಲ್ಲಿ ಹೊಸಬರು ಆಡುತ್ತಾರೆ, ಅವರು ಕಲಿತದ್ದನ್ನು ಕಲಿತಂತೆಯೇ ಒಪ್ಪಿಸುವುದನ್ನು ನೋಡಿಕೊಂಡು, ಆಮೇಲೆ ಬರುವ ಹಳಬರು ಸದ್ದಿಗೆ ಕಿವಿಗೊಟ್ಟು ಆಟ ಬದಲಿಸುವುದನ್ನು ಹೋಲಿಸಿ. ಜೇಬಿನಲ್ಲಿ ಕೆಲವು ನಾಣ್ಯಗಳಿರಲಿ. ಮೆಚ್ಚುಗೆಯಾದ ಕುಸ್ತಿ ಮುಗಿದ ಮೇಲೆ ಜನ ಅಖಾಡದೊಳಕ್ಕೆ ದುಡ್ಡು ಎಸೆಯುತ್ತಾರೆ, ಗೆದ್ದವರೂ ಸೋತವರೂ ಅದನ್ನು ಸ್ವೀಕರಿಸುತ್ತಾರೆ. ನಿಮಗೆ ಹಿಡಿಸದಿದ್ದರೆ ಎಸೆಯಬೇಕಾಗಿಲ್ಲ.