ಹೊಸ ಹಾಕಿ ಸ್ಕೇಟ್ ಕಾಲು ನೋಯಿಸಿದರೆ ದೊಡ್ಡ ಸೈಜ್ ತರಬೇಡಿ, ಮೊದಲು ಹಿಮ್ಮಡಿ ನೋಡಿ

ಮೇಡಂ, ನಿಮ್ಮ ಪ್ರಶ್ನೆ ಈಗ ನೋಡಿದೆ. ಕೆನಡಾದ ಬ್ರ್ಯಾಂಪ್ಟನ್‌ನಲ್ಲಿದ್ದೀರಿ, ಹತ್ತು ವರ್ಷದ ಮಗ ಈ ಸಲ ಐಸ್ ಹಾಕಿಯ ಹೌಸ್ ಲೀಗ್ (ಊರಿನ ಮಕ್ಕಳು ತಮ್ಮೊಳಗೇ ಆಡುವ ಲೀಗ್) ಸೇರಿದ್ದಾನೆ. ಶೂ ಸೈಜ್ 4, ಅದಕ್ಕೆ ಸ್ಕೇಟೂ 4 ತಂದಿದ್ದೀರಿ. ಐಸ್ ಮೇಲೆ ಇಳಿದು ಸ್ವಲ್ಪ ಹೊತ್ತಿಗೇ ಅಂಗಾಲು ಉರಿ, ಕಣಕಾಲಿನ ಒಳಗಡೆ ಗಂಟು ಕೆಂಪಾಗುತ್ತದೆ, ಎರಡೂ ಕಾಲು ಒಳಕ್ಕೆ ವಾಲುತ್ತವೆ. ಇನ್ನೊಂದು ಸೈಜ್ ದೊಡ್ಡದು ತರಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ತರಬೇಡಿ. ನೀವು ಹೇಳಿದ ಮೂರೂ ತೊಂದರೆಗೆ ಈಗಿರುವ ಸ್ಕೇಟ್ ದೊಡ್ಡದಾಗಿರುವುದೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಹಾಕಿ ಸ್ಕೇಟಿನ ಸೈಜೂ ಶೂ ಸೈಜೂ ಒಂದೇ ಅಲ್ಲ. ಬಾಯರ್ ಕಂಪನಿಯದಾಗಲಿ ಸಿಸಿಎಂ ಕಂಪನಿಯದಾಗಲಿ, ಶೂಗಿಂತ ಒಂದರಿಂದ ಒಂದೂವರೆ ಸೈಜ್ ಚಿಕ್ಕದು ಹಿಡಿಯಬೇಕು. ಅಂದರೆ ಶೂ 4 ಇರುವ ಹುಡುಗನಿಗೆ ಸ್ಕೇಟ್ ಸುಮಾರು ಎರಡೂವರೆ ಅಥವಾ 3. ನಮ್ಮವರು ಶಾಲೆ ಶುರುವಾದಾಗ ಬೂಟು ಒಂದು ಸೈಜ್ ದೊಡ್ಡದು ಕೊಡಿಸುವ ಅಭ್ಯಾಸದಲ್ಲಿ ಬೆಳೆದವರು, ಬೆಳೆಯೋ ಮಗು ಅಲ್ವಾ ಅಂತ. ನಡೆಯುವ ಬೂಟಿಗೆ ಅದು ಹೇಗೋ ನಡೆದುಹೋಗುತ್ತದೆ. ಸ್ಕೇಟಿಗೆ ನಡೆಯುವುದಿಲ್ಲ. ಒಳಗೆ ಪಾದ ಜಾರಿದರೆ ಮಗು ತನಗೇ ಗೊತ್ತಿಲ್ಲದೆ ಬೆರಳುಗಳನ್ನು ಮುದುರಿ ನೆಲ ಹಿಡಿಯಲು ನೋಡುತ್ತದೆ. ಅಂಗಾಲಿನ ಉರಿ ಹೆಚ್ಚಾಗಿ ಅದರಿಂದಲೇ. ಆಗ ಅಪ್ಪ ಅಮ್ಮ ಬಿಗಿ ಸಾಲದು ಅಂತ ಲೇಸ್ ಇನ್ನೂ ಎಳೆಯುತ್ತಾರೆ, ಮಧ್ಯಪಾದ ಹಿಂಡಿ ಜೋಮು ಹಿಡಿಯುತ್ತದೆ, ಹಿಮ್ಮಡಿ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ನೋವು ಜಾಸ್ತಿಯಾಯಿತು ಅಂತ ಇನ್ನೂ ದೊಡ್ಡದು ತರುತ್ತಾರೆ. ನಾನು ಶನಿವಾರ ಬೆಳಿಗ್ಗೆ ಡ್ರೆಸ್ಸಿಂಗ್ ರೂಮಿನಲ್ಲಿ ಮಕ್ಕಳಿಗೆ ಲೇಸ್ ಕಟ್ಟಲು ಕೈಜೋಡಿಸುತ್ತೇನೆ, ಪ್ರತಿ ಸೀಸನ್ ಶುರುವಿನಲ್ಲೂ ಇದೇ ಕಥೆ.

ಈಗ ಮನೆಯಲ್ಲೇ ನೋಡಬಹುದಾದದ್ದು ಹೇಳುತ್ತೇನೆ. ಸಂಜೆ ಹೊತ್ತು ನೋಡಿ, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಆಟಕ್ಕೆ ಹಾಕುವ ಅದೇ ತೆಳು ಸಾಕ್ಸ್ ಹಾಕಿಸಿ. ಮೊದಲು ಸ್ಕೇಟ್ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು, ಹಿಮ್ಮಡಿ ಅದರ ಹಿಂದಿನ ಅಂಚಿಗೆ ಸರಿಯಾಗಿ ಕೂರುವ ಹಾಗೆ ಅವನನ್ನು ನಿಲ್ಲಿಸಿ. ಬೆರಳಿನ ಮುಂದೆ ಅರ್ಧ ಇಂಚಿಗಿಂತ ಜಾಸ್ತಿ ಜಾಗ ಖಾಲಿ ಕಂಡರೆ ಸ್ಕೇಟ್ ದೊಡ್ಡದು, ಮುಂದೆ ಯೋಚಿಸುವ ಅಗತ್ಯವೇ ಇಲ್ಲ. ಆಮೇಲೆ ಇನ್‌ಸೋಲ್ ವಾಪಸ್ ಹಾಕಿ, ಲೇಸ್ ಪೂರ್ತಿ ಸಡಿಲ ಮಾಡಿ ಕಾಲು ಹಾಕಿಸಿ, ಹೆಬ್ಬೆರಳು ಮುಂದೆ ತಾಗುವವರೆಗೆ ಪಾದವನ್ನು ಮುಂದಕ್ಕೆ ತಳ್ಳಲು ಹೇಳಿ. ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ತೂರಿದರೆ ಮಕ್ಕಳಿಗೆ ಪರವಾಗಿಲ್ಲ. ಎರಡು ಬೆರಳು ಹೋದರೆ ಬದಲಾಯಿಸಲೇಬೇಕು. ಕೊನೆಗೆ ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸಿ ಲೇಸ್ ಕಟ್ಟಿ, ಬ್ಲೇಡಿಗೆ ಗಾರ್ಡ್ ಹಾಕಿ ನಿಲ್ಲಿಸಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಗಟ್ಟಿ ಭಾಗಕ್ಕೆ ಸುಮ್ನೆ ಸೋಕಿದ ಹಾಗೆ ಇರಬೇಕು, ಮಂಡಿ ಬಗ್ಗಿಸಿದ ಕೂಡಲೇ ಆ ಸೋಕುವುದು ಬಿಟ್ಟುಹೋಗಬೇಕು. ಮಂಡಿ ಬಗ್ಗಿಸಿದಾಗಲೂ ಬೆರಳು ಒತ್ತುತ್ತಿದ್ದರೆ ಚಿಕ್ಕದು, ನೆಟ್ಟಗೆ ನಿಂತಾಗಲೂ ಏನೂ ತಾಗದಿದ್ದರೆ ದೊಡ್ಡದು. ಎರಡೂ ಪಾದ ನೋಡಿ, ಬಹಳ ಜನಕ್ಕೆ ಒಂದು ಪಾದ ಸ್ವಲ್ಪ ದೊಡ್ಡದಿರುತ್ತದೆ, ದೊಡ್ಡದಕ್ಕೆ ತಕ್ಕಂತೆ ತಗೊಳ್ಳಬೇಕು.

ಬೆಳೆಯುವುದಕ್ಕೆ ಅಂತ ಬಿಡುವ ಜಾಗ ಹೆಚ್ಚೆಂದರೆ ಅರ್ಧ ಸೈಜ್. ಅದಕ್ಕಿಂತ ಮುಂದೆ ಹೋದರೆ ಮಗು ಇಡೀ ಸೀಸನ್ ಕಲಿಯುವುದು ಕಡಿಮೆ, ನೋವು ತಿನ್ನುವುದು ಜಾಸ್ತಿ.

ಉದ್ದ ಸರಿಯಾದರೆ ಅರ್ಧ ಕೆಲಸ ಮುಗಿಯಿತು. ಅಗಲ, ಆಳ ಎರಡೂ ಬೇರೆ ಬೇರೆ ವಿಷಯ. ಆಳ ನೋಡಲು ಮೇಲಿನ ಮೂರು ತೂತಿನ ಲೇಸ್ ಸಡಿಲ ಮಾಡಿ, ಬೂಟಿನ ನಾಲಿಗೆಯನ್ನು ಮುಂದಕ್ಕೆ ಬಗ್ಗಿಸಿ, ಮೇಲಿನಿಂದ ಮೂರನೇ ಜೋಡಿ ತೂತುಗಳ ಮೇಲೆ ಒಂದು ಪೆನ್ಸಿಲ್ ಅಡ್ಡ ಇಡಿ. ಪೆನ್ಸಿಲ್ ಎರಡೂ ಕಡೆ ಬೂಟಿನ ಮೇಲೆ ಕೂತು ಪಾದಕ್ಕೆ ತಾಗದಿದ್ದರೆ ಆಳ ಸಾಕು. ಪಾದದ ಮೇಲೆ ಕೂತು ಅಲುಗಾಡಿದರೆ ಆ ಬೂಟು ಅವನ ಪಾದಕ್ಕೆ ತೀರಾ ಆಳವಿಲ್ಲದ್ದು, ಲೇಸ್ ಹೇಗೆ ಕಟ್ಟಿದರೂ ಮೇಲೆ ಕಚ್ಚುತ್ತದೆ. ಅಗಲಕ್ಕೆ ಬಾಯರ್‌ನವರು ಫಿಟ್ 1, ಫಿಟ್ 2, ಫಿಟ್ 3 ಅಂತ ಇಟ್ಟಿದ್ದಾರೆ, 1 ಸಪೂರ ಪಾದಕ್ಕೆ, 3 ಅಗಲ ಮತ್ತು ದಪ್ಪ ಪಾದಕ್ಕೆ. ಸಿಸಿಎಂನಲ್ಲಿ ಟೇಪರ್ಡ್, ರೆಗ್ಯುಲರ್, ವೈಡ್. ನಾನು ನೋಡಿದ ಹಾಗೆ ನಮ್ಮ ಮಕ್ಕಳಲ್ಲಿ ಮುಂಗಾಲು ಅಗಲ, ಹಿಮ್ಮಡಿ ಸಣ್ಣ ಇರುವವರು ಜಾಸ್ತಿ. ಅಂಥವರಿಗೆ ಉದ್ದ ದೊಡ್ಡದು ಮಾಡಿ ಅಗಲ ಗಿಟ್ಟಿಸಲು ಹೋಗಬಾರದು. ಸರಿಯಾದ ಉದ್ದದಲ್ಲೇ ಅಗಲದ್ದು ಕೇಳಬೇಕು.

ಮೇಲಿನ ಕಾಮೆಂಟುಗಳಲ್ಲಿ ಬಾಯರ್ ಒಳ್ಳೆಯದಾ ಸಿಸಿಎಂ ಒಳ್ಳೆಯದಾ ಅಂತ ಒಂದು ಸುತ್ತು ವಾದ ಆಗಿದೆ. ಬಾಯರ್ 1927ರಲ್ಲಿ ಇಲ್ಲೇ ಹತ್ತಿರದ ಕಿಚನರ್‌ನಲ್ಲಿ ಶುರುವಾದದ್ದು, ಸಿಸಿಎಂ 1899ರಲ್ಲಿ ಸೈಕಲ್ ಕಂಪನಿಯಾಗಿ ಹುಟ್ಟಿದ್ದು. ಎರಡೂ ಹಳೆಯ ಕೈ. ಮಗನ ಹಿಮ್ಮಡಿಯನ್ನು ಯಾವುದು ಅಲುಗಾಡದಂತೆ ಹಿಡಿಯುತ್ತದೋ ಅದು ಒಳ್ಳೆಯದು, ಅಷ್ಟೇ. ಇನ್ನೊಂದು ಮಾತು, ದುಡ್ಡಿದೆ ಅಂತ ತುದಿ ಮಾಡೆಲ್ ಕೊಡಿಸಬೇಡಿ. ಅವು ತುಂಬಾ ಗಡಸು, ಹಗುರ ಮೈಯ ಹುಡುಗ ಅದರಲ್ಲಿ ಮುಂದಕ್ಕೆ ಬಾಗಲಾರ. ತೀರಾ ಅಗ್ಗದ್ದೂ ಬೇಡ, ಕಣಕಾಲಿನ ಹತ್ತಿರ ಎರಡು ಕೈಯಿಂದ ಹಿಂಡಿದರೆ ಬಟ್ಟೆ ಬೂಟಿನ ಹಾಗೆ ಮಡಚಿಕೊಳ್ಳುವಂಥದ್ದು ಬೇಡವೇ ಬೇಡ. ಮಧ್ಯದ್ದು ನೋಡಿ.

ಅಂಗಡಿಯಲ್ಲಿ ಬದಲಾಯಿಸಿಕೊಡುತ್ತಾರಾ ಅನ್ನೋದು ಬೇರೆ ವಿಷಯ. ಸಾಣೆ ಹಿಡಿಸಿ ಐಸ್‌ಗೆ ಇಳಿಸಿದ ಮೇಲೆ ಸಾಮಾನ್ಯವಾಗಿ ತಗೊಳ್ಳುವುದಿಲ್ಲ, ಆದರೂ ಕೇಳಿ ನೋಡಿ. ಆಗದಿದ್ದರೆ ಪ್ಲೇ ಇಟ್ ಅಗೇನ್ ಸ್ಪೋರ್ಟ್ಸ್ ಥರದ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಒಯ್ಯಿರಿ. ಹೊಸದರ ಹಾಗಿರುವ ಸ್ಕೇಟನ್ನು ಅವರು ಕೊಳ್ಳುತ್ತಾರೆ, ಸರಿಯಾದ ಸೈಜಿನ ಚೆನ್ನಾಗಿರುವ ಹಳೆಯದು ಅಲ್ಲೇ ಸಿಗಲೂಬಹುದು. ಈ ವಯಸ್ಸಲ್ಲಿ ಪಾದ ಬೇಗ ಬೆಳೆಯುತ್ತದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವ ಅವಮಾನವೂ ಇಲ್ಲ. ನನ್ನ ಮಗಳ ಮೊದಲ ಮೂರು ಜೋಡಿಯೂ ಹಾಗೇ ಬಂದದ್ದು. ಕೊಳ್ಳುವಾಗ ಬ್ಲೇಡ್ ಎಷ್ಟು ಎತ್ತರ ಉಳಿದಿದೆ, ಬೂಟಿನ ಅಡಿಯಲ್ಲಿ ರಿವೆಟ್ ಸಡಿಲವಾಗಿದೆಯಾ, ಒಳಗಡೆ ಹಿಮ್ಮಡಿ ಭಾಗದಲ್ಲಿ ಲೈನಿಂಗ್ ಹರಿದಿದೆಯಾ, ಇಷ್ಟು ನೋಡಿ.

ಈಗ ಬೇಕ್ ಮಾಡುವ, ಅಂದರೆ ಬೂಟನ್ನು ಬಿಸಿ ಮಾಡಿ ಪಾದಕ್ಕೆ ಒಗ್ಗಿಸುವ ವಿಷಯ. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಮನೆಯ ಅವನ್‌ನಲ್ಲೇ ಮಾಡಬಹುದು ಅಂದಿದ್ದಾರೆ. ಬೇಡ. ಪ್ರೋ ಶಾಪಿನಲ್ಲಿ (ಸ್ಕೇಟ್ ಮಾರುವ, ಸರಿಮಾಡಿಕೊಡುವ ಅಂಗಡಿ) ಇರುವುದು ಸ್ಕೇಟಿಗೆಂದೇ ಮಾಡಿದ ಅವನ್, ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ನಿಮಿಷ, ಎಷ್ಟು ನಿಮಿಷ ಅನ್ನೋದು ಮಾಡೆಲ್ ನೋಡಿ. ಮನೆಯ ಅವನ್‌ನ ಬಿಸಿ ಏರಿಳಿಯುತ್ತದೆ, ಕೆಂಪಾದ ಕಂಬಿ ಹತ್ತಿರವೇ ಇರುತ್ತದೆ, ಗೋಂದು ಬಿಟ್ಟರೆ ಬೂಟು ಹೋಯಿತು, ವಾರಂಟಿಯೂ ಹೋಯಿತು. ಎಲ್ಲ ಸ್ಕೇಟನ್ನೂ ಬೇಕ್ ಮಾಡಲು ಆಗುವುದಿಲ್ಲ, ಅದಕ್ಕೇ ಅಂಗಡಿಯಲ್ಲಿ ಮಾಡೆಲ್ ತೋರಿಸಿ ಕೇಳಿ. ಇನ್ನೊಂದು ನೆನಪಿಡಿ: ಬೇಕ್ ಮಾಡಿದರೆ ಬೂಟು ಪಾದದ ಆಕಾರಕ್ಕೆ ಒಗ್ಗುತ್ತದೆ, ತಪ್ಪು ಸೈಜ್ ಸರಿ ಸೈಜ್ ಆಗುವುದಿಲ್ಲ. ಸೈಜ್ ಖಚಿತವಾದ ಮೇಲೆ ಮಾತ್ರ ಮಾಡಿಸಿ.

ಬಿಸಿ ಬೂಟು ಹೊರಗೆ ಬಂದಾಗ ಮಗನನ್ನು ಕೂರಿಸಿ, ಪಾದ ಒಳಗೆ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಹಿಂದಕ್ಕೆ ಗುದ್ದಿ ಕೂರಿಸಬೇಕು. ಲೇಸನ್ನು ಪಕ್ಕಕ್ಕೆ ಎಳೆಯಬೇಕು, ಮೇಲಕ್ಕಲ್ಲ. ಬಿಸಿಯಲ್ಲಿ ಬೂಟು ಮೆತ್ತಗಿರುತ್ತದೆ, ಮೇಲಕ್ಕೆ ಎಳೆದರೆ ತೂತು ಕಿತ್ತು ಬರಬಹುದು. ಆಮೇಲೆ ಮಂಡಿ ಬಗ್ಗಿಸಿ ಹತ್ತು ಹದಿನೈದು ನಿಮಿಷ ಕೂತಿರಬೇಕು. ಎದ್ದು ನಿಲ್ಲಬಾರದು, ನಡೆಯಬಾರದು. ಒಂದು ದಿನ ಬಿಟ್ಟು ಐಸ್‌ಗೆ ಇಳಿಸಿ.

ಗಂಟು ಕೆಂಪಾಗುವುದಕ್ಕೆ ಒಂದು ಉಪಾಯ ಇದೆ. ಆಟ ಮುಗಿದ ಮೇಲೆ ಸಾಕ್ಸ್ ತೆಗೆದು ನೋಡಿ. ಕೆಂಪು ಹತ್ತು ಹದಿನೈದು ನಿಮಿಷದಲ್ಲಿ ಮಾಯವಾದರೆ ಹೊಸ ಬೂಟು ಪಳಗುತ್ತಿದೆ ಅಷ್ಟೇ. ಹಾಗೇ ಉಳಿದರೆ, ಬೊಬ್ಬೆ ಬಂದರೆ, ಅಲ್ಲಿ ಬೂಟನ್ನು ಒಳಗಿನಿಂದ ಸ್ವಲ್ಪ ಉಬ್ಬಿಸಬೇಕು. ಪಂಚ್ ಮಾಡೋದು ಅಂತಾರೆ, ಪ್ರೋ ಶಾಪಿನವರು ಆ ಜಾಗವನ್ನಷ್ಟೇ ಬಿಸಿ ಮಾಡಿ ಒತ್ತಿ ಕೊಡುತ್ತಾರೆ. ಆ ಜಾಗ ಎಲ್ಲಿ ಅಂತ ಅವರಿಗೆ ಕರಾರುವಾಕ್ಕಾಗಿ ತೋರಿಸಬೇಕು. ಗಂಟಿನ ಮೂಳೆಯ ಮೇಲೆ ಲಿಪ್‌ಸ್ಟಿಕ್‌ನ ಒಂದು ಚುಕ್ಕೆ ಇಡಿ, ಬರಿಗಾಲಲ್ಲಿ ಸ್ಕೇಟ್ ಹಾಕಿಸಿ, ಲೇಸ್ ಕಟ್ಟಿ ಒಮ್ಮೆ ನಿಲ್ಲಿಸಿ, ತೆಗೆಯಿರಿ. ಒಳಗಿನ ಲೈನಿಂಗ್ ಮೇಲೆ ಬಿದ್ದ ಗುರುತೇ ಉಬ್ಬಿಸಬೇಕಾದ ಜಾಗ. ಲಿಪ್‌ಸ್ಟಿಕ್ ಬೇಡ ಅನ್ನಿಸಿದರೆ ಒಂದು ಹನಿ ಎಣ್ಣೆಯಲ್ಲಿ ಕಲಸಿದ ಕುಂಕುಮವೂ ಆಗುತ್ತದೆ.

ಎರಡು ಜೊತೆ ಸಾಕ್ಸ್ ಹಾಕಿಸಿ ಅನ್ನುವ ಸಲಹೆಯನ್ನೂ ಕೇಳಬೇಡಿ. ಒಂದೇ ಸಾಕ್ಸ್, ತೆಳುವಾಗಿರಲಿ, ಮಂಡಿಯ ಕೆಳಗಿನವರೆಗೆ ಇರಲಿ. ದಪ್ಪ ಉಣ್ಣೆ ಸಾಕ್ಸ್ ಹಾಕಿದರೆ ಪಾದ ಇನ್ನೂ ಜಾರುತ್ತದೆ, ಬಿಗಿದಾಗ ರಕ್ತ ಓಡಾಟ ಕಡಿಮೆಯಾಗಿ ಕಾಲು ಬೆಚ್ಚಗಾಗುವ ಬದಲು ತಣ್ಣಗಾಗುತ್ತದೆ.

ಲೇಸ್ ಕಟ್ಟುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಾನು ನೋಡುವ ನೋವಲ್ಲಿ ಬಹಳಷ್ಟು ಇಲ್ಲೇ ಹುಟ್ಟುವುದು. ಮಗ ಬೆಂಚಿನ ತುದಿಯಲ್ಲಿ ಕೂರಲಿ, ನೀವು ಮುಂದೆ ಮಂಡಿಯೂರಿ. ಮೇಲಿನ ಲೇಸ್ ಅಷ್ಟೇ ಅಲ್ಲ, ಬೆರಳಿನವರೆಗೂ ಪೂರ್ತಿ ಸಡಿಲ ಮಾಡಿ ಕಾಲು ಹಾಕಿಸಿ. ನಾಲಿಗೆಯನ್ನು ನಡುಮಧ್ಯಕ್ಕೆ ನೆಟ್ಟಗೆ ಎಳೆಯಿರಿ, ಅದು ಪಕ್ಕಕ್ಕೆ ಸರಿದರೆ ಮುಂದೆ ಕಚ್ಚುವುದು ಅದೇ. ಹಿಮ್ಮಡಿ ನೆಲಕ್ಕೆ ಗುದ್ದಿ ಹಿಂದೆ ಕೂರಿಸಿ. ಬೆರಳ ಕಡೆಯ ಮೊದಲ ಮೂರು ತೂತು ಹಗುರವಾಗಿರಲಿ, ಬೆರಳು ಆಡುವಷ್ಟು. ಅಲ್ಲಿಂದ ಮೇಲೆ, ಪಾದ ಕಾಲಿಗೆ ತಿರುಗುವ ಜಾಗ ಬರುತ್ತದಲ್ಲ, ಅಲ್ಲಿನ ಎರಡು ಮೂರು ತೂತು ಗಟ್ಟಿಯಾಗಿರಬೇಕು. ಹಿಮ್ಮಡಿಯನ್ನು ಹಿಂದಕ್ಕೆ ಹಿಡಿದಿಡುವುದು ಅದೇ. ತುದಿಯ ಎರಡು ತೂತು ಮತ್ತೆ ಸ್ವಲ್ಪ ಸಡಿಲ, ನಾಲಿಗೆ ಮತ್ತು ಕಾಲಿನ ನಡುವೆ ನಿಮ್ಮ ಎರಡು ಬೆರಳು ಹೋಗುವಷ್ಟು, ಆಗಲೇ ಅವನು ಮಂಡಿ ಮುಂದಕ್ಕೆ ಬಗ್ಗಿಸಲು ಸಾಧ್ಯ. ಉಳಿದ ಲೇಸನ್ನು ಕಣಕಾಲಿಗೆ ಸುತ್ತಬೇಡಿ, ನರ ಒತ್ತುತ್ತದೆ. ಉದ್ದ ಜಾಸ್ತಿ ಇದ್ದರೆ ಗಿಡ್ಡ ಲೇಸ್ ತನ್ನಿ. ಮೇಣ ಹಚ್ಚಿದ ಲೇಸ್ ಕಟ್ಟಿದ ಕಡೆಯೇ ನಿಲ್ಲುತ್ತದೆ, ಕೆಳಗೆ ಸಡಿಲ ಮೇಲೆ ಬಿಗಿ ಅಂತ ಬೇರೆ ಬೇರೆ ಹದ ಇಡಲು ಅದೇ ಸುಲಭ. ಕಣಕಾಲಿನ ಮುಂಭಾಗ ನೋಯಲು ಶುರುವಾದರೆ ಆ ನೋವಿನ ನೇರಕ್ಕಿರುವ ಒಂದು ಜೋಡಿ ತೂತು ಬಿಟ್ಟು ಕಟ್ಟಿ ನೋಡಿ.

ಸಾಣೆ. ಹೊಸ ಸ್ಕೇಟಿನ ಬ್ಲೇಡಿಗೆ ಡಬ್ಬಿಯಿಂದ ಬಂದಾಗ ಸಾಮಾನ್ಯವಾಗಿ ಸಾಣೆ ಇರುವುದಿಲ್ಲ, ಅಂಗಡಿಯವರು ಹಿಡಿದು ಕೊಟ್ಟರಾ ಅಂತ ಕೇಳಿಕೊಳ್ಳಿ. ಬ್ಲೇಡಿನ ಅಡಿಯಲ್ಲಿ ಎರಡು ಅಂಚು, ನಡುವೆ ಒಂದು ಉದ್ದ ಹಳ್ಳ ಇರುತ್ತದೆ. ಅಂಗಡಿಯಲ್ಲಿ ಅರ್ಧ ಇಂಚು, ಐದು ಬೈ ಎಂಟು ಅಂತ ಕೇಳುವುದು ಆ ಹಳ್ಳದ ವೃತ್ತದ ತ್ರಿಜ್ಯ, ಆಳ ಅಲ್ಲ. ಸಂಖ್ಯೆ ಚಿಕ್ಕದಾದಷ್ಟೂ ಹಳ್ಳ ಆಳ, ಐಸ್ ಹಿಡಿತ ಜಾಸ್ತಿ. ದೊಡ್ಡದಾದಷ್ಟೂ ಜಾರುವುದು ಸಲೀಸು. ಕಲಿಯುವ ಹುಡುಗನಿಗೆ ಅರ್ಧ ಇಂಚಿನಿಂದ ಶುರು ಮಾಡಿ. ಹಗುರ ಮಕ್ಕಳಿಗೆ ಮೂರು ಬೈ ಎಂಟು ಇಂಚು ಹಿಡಿಸುವವರಿದ್ದಾರೆ, ಆದರೆ ಅದು ಐಸನ್ನು ಗಟ್ಟಿಯಾಗಿ ಕಚ್ಚುತ್ತದೆ, ನಿಲ್ಲಿಸುವುದನ್ನು ಈಗ ಕಲಿಯುತ್ತಿರುವ ಮಗುವಿಗೆ ಕಷ್ಟ.

ಕಾಲು ಒಳಕ್ಕೆ ವಾಲುವುದಕ್ಕೂ ಇದಕ್ಕೂ ಸಂಬಂಧ ಇದೆ. ಎಲ್ಲರೂ ಮಗುವಿನ ಕಾಲಿಗೆ ಶಕ್ತಿಯಿಲ್ಲ ಅನ್ನುತ್ತಾರೆ, ಪಾಪ. ಹೆಚ್ಚಾಗಿ ಕಾರಣ ದೊಡ್ಡ ಬೂಟು, ಇಲ್ಲದಿದ್ದರೆ ಎರಡು ಅಂಚು ಒಂದೇ ಮಟ್ಟದಲ್ಲಿ ಇಲ್ಲದಿರುವುದು. ಸ್ಕೇಟನ್ನು ತಲೆಕೆಳಗು ಹಿಡಿದು ಬ್ಲೇಡಿನ ಮೇಲೆ ಒಂದು ನಾಣ್ಯ ಅಡ್ಡ ಇಟ್ಟು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ನಾಣ್ಯ ಬ್ಲೇಡಿಗೆ ಅಡ್ಡವಾಗಿ ನೇರ ನಿಂತಿದ್ದರೆ ಸರಿ, ಒಂದು ಕಡೆ ಓರೆಯಾದರೆ ಸಾಣೆ ಸರಿ ಬಂದಿಲ್ಲ, ವಾಪಸ್ ಕೊಟ್ಟು ಮತ್ತೆ ಹಿಡಿಸಿ.

ಆಟವಾದ ಮೇಲೆ ಬ್ಲೇಡ್ ಒರೆಸಿ, ಬಟ್ಟೆಯ ಕವರ್ ಹಾಕಿ ಇಡಿ. ಪ್ಲಾಸ್ಟಿಕ್ ಗಾರ್ಡ್ ನಡೆಯಲು ಮಾತ್ರ, ಅದರಲ್ಲೇ ಬಿಟ್ಟರೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಮನೆಗೆ ಬಂದು ಇನ್‌ಸೋಲ್ ತೆಗೆದು ಒಣಗಿಸಿ, ಹೀಟರ್ ಮೇಲೆ ಮಾತ್ರ ಇಡಬೇಡಿ. ರಿಂಕಿನಲ್ಲಿ (ಐಸ್ ಅಂಗಳದಲ್ಲಿ) ರಬ್ಬರ್ ಹಾಸಿದ ಕಡೆ ಬಿಟ್ಟು ಬೇರೆಲ್ಲೂ ಗಾರ್ಡ್ ಇಲ್ಲದೆ ಹೆಜ್ಜೆ ಇಡಲು ಬಿಡಬೇಡಿ, ಸಿಮೆಂಟಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೂ ಸಾಣೆ ಹಾಳು.

ನಿಮಗೂ ಒಂದು ಜೋಡಿ ತಗೊಳ್ಳಬೇಕು ಅಂದಿದ್ದಿರಿ. ಹೆಂಗಸರ ಶೂ ಸೈಜಿನ ಲೆಕ್ಕ ಬೇರೆ, ಅದಕ್ಕೆ ಒಂದರಿಂದ ಒಂದೂವರೆ ಸೈಜ್ ಚಿಕ್ಕದು ಅನ್ನುವುದು ಹೊಂದುವುದಿಲ್ಲ. ಮೇಲಿನ ಉಳಿದದ್ದೆಲ್ಲ ನಿಮಗೂ ಅನ್ವಯ, ಬೆಳೆಯುವ ಜಾಗವೊಂದು ಬೇಡ.

ಶುಕ್ರವಾರದೊಳಗೆ ಇನ್‌ಸೋಲ್ ಪರೀಕ್ಷೆ ಮಾಡಿ, ಮಗ ಸ್ಕೇಟ್ ಹಾಕಿ ಗಾರ್ಡ್ ಮೇಲೆ ನಿಂತ ಫೋಟೋ ಹಿಂದಿನಿಂದ ಒಂದು, ಪಕ್ಕದಿಂದ ಮಂಡಿ ಬಗ್ಗಿಸಿ ಒಂದು ಇಲ್ಲೇ ಹಾಕಿ. ಬೂಟು ಬದಲಾಯಿಸಬೇಕಾ, ಪಂಚ್ ಮಾಡಿಸಿದರೆ ಸಾಕಾ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಬೇಕ್ ಮಾಡಿಸಬೇಡಿ.