ಇಂಟರ್‌ನೆಟ್ ಕಂಪನಿಗಳು ಮುಚ್ಚಿದರೆ ಪ್ರೋಗ್ರಾಮರ್‌ಗಳ ಕೆಲಸಕ್ಕೆ ಏನಾಗುತ್ತದೆ?

ಕಾರವಾರದಲ್ಲಿ ಇಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿರುವ ನೀವು, ಸ್ಟಾರ್ಟಪ್‌ಗಳು ಬಾಗಿಲು ಮುಚ್ಚುತ್ತಿರುವ ಸುದ್ದಿಗಳ ನಡುವೆ ಪ್ರೋಗ್ರಾಮಿಂಗನ್ನೇ ನಂಬಿಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ನಾನು ಶಿರಸಿಯವನು, 2001ರಲ್ಲಿ ಬೆಂಗಳೂರಿನಲ್ಲಿ ಇದೇ ಕೆಲಸ ಹುಡುಕುತ್ತಿದ್ದವನು. ಹೋಗಬಹುದು ಎಂಬುದು ನನ್ನ ಉತ್ತರ. ಆದರೆ ಪೆಟ್ಟು ಯಾರ ಮೇಲೆ, ಯಾವ ದಾರಿಯಲ್ಲಿ ಬೀಳುತ್ತದೆ ಎಂಬುದನ್ನು ತಿಳಿದುಕೊಂಡು ಹೋಗಿ.

ಮುಚ್ಚಿದ ಕಂಪನಿಯಲ್ಲಿ ಎಷ್ಟು ಜನರಿದ್ದರು ಎಂಬ ಲೆಕ್ಕದಿಂದ ನಷ್ಟವನ್ನು ಅಳೆಯಲಾಗದು. ಅಮೆರಿಕದಲ್ಲಿ ದಿನಸಿಯನ್ನು ಇಂಟರ್‌ನೆಟ್ ಮೂಲಕ ಮಾರುತ್ತಿದ್ದ ವೆಬ್‌ವ್ಯಾನ್ 2001ರ ಜುಲೈನಲ್ಲಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು ಸುಮಾರು 2,000 ಮಂದಿ. ಇಂಥ ಕಂಪನಿಗಳಿಗೂ ದೂರಸಂಪರ್ಕ ಸಂಸ್ಥೆಗಳಿಗೂ ನೆಟ್‌ವರ್ಕ್ ಸಾಧನಗಳನ್ನು ಮಾರುತ್ತಿದ್ದ ಸಿಸ್ಕೊ ಮುಚ್ಚಲಿಲ್ಲ, ಆದರೂ ಅದೇ ವರ್ಷ ಸುಮಾರು 8,500 ಹುದ್ದೆಗಳನ್ನು ಕಡಿತಗೊಳಿಸಿತು. 2000ದ ಮಾರ್ಚ್ 10ರಂದು 5,048ಕ್ಕೆ ಏರಿದ್ದ ಅಮೆರಿಕದ ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ನಾಸ್ಡಾಕ್ ಷೇರು ಸೂಚ್ಯಂಕ 2002ರ ಅಕ್ಟೋಬರ್ ಹೊತ್ತಿಗೆ ತನ್ನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿತ್ತು. ಹೂಡಿಕೆದಾರರು ಕೆಟ್ಟ ಕಂಪನಿ, ಒಳ್ಳೆಯ ಕಂಪನಿ ಎಂದು ನೋಡದೆ ಒಮ್ಮೆಲೇ ಕೈ ಬಿಗಿಹಿಡಿದಿದ್ದರು. 2022ರಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಅಮೆರಿಕದ ಕೇಂದ್ರ ಬ್ಯಾಂಕು ಶೂನ್ಯದ ಸಮೀಪವಿದ್ದ ಬಡ್ಡಿದರವನ್ನು ಆ ವರ್ಷದ ಮಾರ್ಚ್‌ನಿಂದ ಏರಿಸುತ್ತ 2023ರ ಜುಲೈನಲ್ಲಿ ಶೇ. 5.25ರಿಂದ 5.50ರ ಮಟ್ಟಕ್ಕೆ ಒಯ್ದಿತು. ಸರ್ಕಾರಿ ಸಾಲಪತ್ರದಲ್ಲೇ ಒಳ್ಳೆಯ ಬಡ್ಡಿ ಸಿಗುವಾಗ ಲಾಭವನ್ನೇ ಕಾಣದ ಆ್ಯಪ್‌ಗೆ ಹಣ ಹಾಕುವವರು ಕಡಿಮೆಯಾದರು. ಲಾಭದಲ್ಲಿದ್ದ ಮೆಟಾ ಸುಮಾರು 11,000, ಗೂಗಲ್ ಸುಮಾರು 12,000 ಜನರನ್ನು ತೆಗೆಯುವುದಾಗಿ ಪ್ರಕಟಿಸಿದವು.

ಹೀಗೆ ಹೊರಬಿದ್ದ ಅನುಭವಿಗಳು ಮನೆಯಲ್ಲಿ ಕೂರುವುದಿಲ್ಲ. ಮನೆಸಾಲದ ಕಂತು, ಮಕ್ಕಳ ಶಾಲೆಯ ಫೀಸು ಇರುವವರು ಒಂದು ಮೆಟ್ಟಿಲು ಕೆಳಗಿನ ಹುದ್ದೆಗೂ ಕಡಿಮೆ ಸಂಬಳಕ್ಕೂ ಒಪ್ಪುತ್ತಾರೆ. ಆ ಹುದ್ದೆಯನ್ನು ನಿರೀಕ್ಷಿಸುತ್ತಿದ್ದವರು ಇನ್ನೊಂದು ಮೆಟ್ಟಿಲು ಕೆಳಗಿಳಿಯುತ್ತಾರೆ. ಕೊನೆಗೆ ಬಾಗಿಲಲ್ಲೇ ಉಳಿಯುವವರು ನಿಮ್ಮಂಥ ಫ್ರೆಶರ್‌ಗಳು. ಮುಚ್ಚಿದ ಕಂಪನಿಯ ಹೆಸರನ್ನೇ ಕೇಳದ ವಿದ್ಯಾರ್ಥಿಗೂ ಅದರ ಬಿಸಿ ತಟ್ಟುವುದು ಹೀಗೆ, ಮತ್ತು ಯಾವ ಲೇಆಫ್ ಪಟ್ಟಿಯಲ್ಲೂ ಅವರ ಹೆಸರಿಲ್ಲದಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. 2001ರಲ್ಲಿ ನನ್ನ ಜೊತೆಯವರಲ್ಲಿ ಹಲವರ ಕೈಯಲ್ಲಿ ಆಫರ್ ಲೆಟರ್ ಇತ್ತು, ಸೇರುವ ದಿನಾಂಕ ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು.

ನಮ್ಮ ಜಿಲ್ಲೆಗೆ ಇನ್ನೊಂದು ತೊಂದರೆಯೂ ಇದೆ. 2020ರ ನಂತರ ಶಿರಸಿ, ಸಿದ್ದಾಪುರ, ಕುಮಟಾದ ಎಷ್ಟೋ ಮಂದಿ ಊರಲ್ಲೇ ಕುಳಿತು ಬೆಂಗಳೂರಿನ ಕೆಲಸ ಮಾಡತೊಡಗಿದರು. ತೋಟವನ್ನೂ ವಯಸ್ಸಾದ ಅಪ್ಪ ಅಮ್ಮನನ್ನೂ ನೋಡಿಕೊಳ್ಳಲು ಸಾಧ್ಯವಾಯಿತು. ಕೆಲಸಕ್ಕಿಂತ ಅರ್ಜಿಗಳೇ ಹೆಚ್ಚಾದಾಗ ಕಂಪನಿಗಳು ಮೊದಲು ಹಿಂತೆಗೆದುಕೊಳ್ಳುವ ಸೌಲಭ್ಯ ಇದೇ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದ್ದರಿಂದ ಊರಿಂದಲೇ ಕೆಲಸ ಎಂಬ ಷರತ್ತನ್ನು ಮೊದಲ ನೌಕರಿಗೆ ಹಾಕಿಕೊಳ್ಳಬೇಡಿ.

ಇಷ್ಟಾದರೂ ಹೋಗಬಹುದು ಎನ್ನುವುದಕ್ಕೆ ಕಾರಣವಿದೆ. 2000ದ ನಂತರ ಇಂಟರ್‌ನೆಟ್ ಕಂಪನಿಗಳು ನೆಲಕಚ್ಚಿದ ಆ ಡಾಟ್‌ಕಾಮ್ ಕುಸಿತದ ಬಳಿಕ ವೆಚ್ಚ ತಗ್ಗಿಸಲು ಹೊರಟ ಅಮೆರಿಕದ ಬ್ಯಾಂಕು, ವಿಮೆ ಮತ್ತು ಚಿಲ್ಲರೆ ವ್ಯಾಪಾರದ ಕಂಪನಿಗಳೇ ಹೆಚ್ಚಿನ ಕೆಲಸವನ್ನು ಬೆಂಗಳೂರಿಗೆ ಕಳಿಸಿದವು, ನಮ್ಮ ಪೀಳಿಗೆಯ ಬಹುಪಾಲು ಜನ ಅದರಿಂದಲೇ ನೆಲೆ ಕಂಡುಕೊಂಡರು. ಪ್ರೋಗ್ರಾಮರ್ ಬೇಕಾಗಿರುವುದು ಇಂಟರ್‌ನೆಟ್ ಕಂಪನಿಗಳಿಗಷ್ಟೇ ಅಲ್ಲ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಸೊಸೈಟಿಯ ಲೆಕ್ಕಪತ್ರ ಹೇಗಿರುತ್ತದೆ ಎಂದು ಮನೆಯಲ್ಲೇ ಕಂಡಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಅಂಥ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಅದಕ್ಕೆ ಸ್ಟಾರ್ಟಪ್‌ನ ಥಳುಕಿಲ್ಲ, ಆದರೆ ಅದರ ಸಂಬಳ ಯಾವುದೋ ಹೂಡಿಕೆದಾರನ ಮುಂದಿನ ನಿರ್ಧಾರಕ್ಕೆ ಕಾಯುವುದಿಲ್ಲ.

ಸ್ಟಾರ್ಟಪ್‌ಗೆ ಸೇರಲೇಬಾರದು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಒಂದು ವರ್ಷದಲ್ಲಿ ಕಲಿಯುವುದು ಬಹಳ. ಸಂಬಳದ ಹಣ ಗ್ರಾಹಕರಿಂದ ಬರುತ್ತಿದೆಯೇ ಹೂಡಿಕೆಯಿಂದಲೇ, ಈಗ ಇರುವ ಹಣ ಎಷ್ಟು ತಿಂಗಳಿಗೆ ಸಾಲುತ್ತದೆ ಎಂದು ಸಂದರ್ಶನದ ಕೊನೆಯಲ್ಲಿ ಗೌರವದಿಂದಲೇ ಕೇಳಿ. ಆಫರ್ ಲೆಟರ್ ಬಂದ ಮೇಲೂ, ಸೇರುವ ದಿನಾಂಕ ಲಿಖಿತವಾಗಿ ಬರುವ ತನಕ ಬೇರೆ ಸಂದರ್ಶನಗಳಿಗೆ ಹೋಗುವುದನ್ನು ನಿಲ್ಲಿಸಬೇಡಿ.